ಜರ್ಮನ್ ಬೋಗುಣಿಯ ಗಿಟಾರು

ನಾನು ಈ ಮನೆಗೆ ಬಂದ ದಿನ, ಅಡುಗೆಮನೆ ತೋರಿಸುವ ಮೊದಲೇ ನಮ್ಮವರು ನನಗೊಂದು ತಾರೀಖು ತೋರಿಸಿದರು. ಕುಲುಮೆಯ ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದರು. ಅಂದಿಗೆ ಅದು ಇನ್ನೂ ಎಂಟು ವರ್ಷ ಆಚೆಗಿದ್ದ ತಾರೀಖು. ನನ್ನ ಅಂಗೈಯ ಅರಿಶಿನ ಇನ್ನೂ ಆರಿರಲಿಲ್ಲ.

"ಏನ್ರೀ ಇದು?" ಅಂದೆ.

"ಅವತ್ತ ಚಂಪಾನ ಹಾಡ ಬರತೈತಿ," ಅಂದರು.

ಚಂಪಾ ಅವರ ಮೊದಲ ಹೆಂಡತಿ. ತೀರಿಕೊಂಡು ಆಗಲೇ ಎರಡು ವರ್ಷವಾಗುತ್ತಾ ಬಂದಿತ್ತು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ, ಹೇಳದಿದ್ದರೆ ಕೇಳುವವರಿಗೆ ಕಷ್ಟ, ಹಾಗಾಗಿ ಒಂದು ಸಲ ಹೇಳಿಬಿಡುತ್ತೇನೆ: ಕಾಳಪ್ಪ, ಕಂಚಗಾರ ಓಣಿಯ ಕಾಳಪ್ಪ. ನಾನು ರುದ್ರವ್ವ. ಹೆಸರಿಗೆ ತಕ್ಕ ಹಾಗೆ ಸಿಟ್ಟಿನವಳು ಎಂದು ಓಣಿಯವರು ಹೇಳುತ್ತಾರೆ, ಹೇಳಲಿ. ಹೊಸ ಹೆಂಡತಿಗೆ ಮೊದಲು ಗೋಡೆ ತೋರಿಸುವ ಗಂಡ ಸಿಕ್ಕಿದ್ದರೆ ಅವರೂ ಹಾಗೇ ಆಗುತ್ತಿದ್ದರು.

ನಾನು ಬಯಲ ಕಡೆಯವಳು. ನಮ್ಮ ತವರಿನಲ್ಲಿ ಕೂಗಿದರೆ ಕೂಗು ಆಗಲೇ ತಿರುಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಈ ಊರಿನ ಬೆಟ್ಟ ಹಾಗಲ್ಲ. ಅದರ ಎದುರಿನ ದಿಬ್ಬದ ಮೇಲೆ ನಿಂತು ಏನು ಆಡಿದರೂ ಅದು ತೆಗೆದುಕೊಂಡು ಇಟ್ಟುಕೊಳ್ಳುತ್ತದೆ. ಹನ್ನೊಂದು ವರ್ಷ ತುಂಬಿದ ದಿನ, ಅದೇ ಹೊತ್ತಿಗೆ, ಕೊಟ್ಟದ್ದನ್ನು ಕೊಟ್ಟ ಹಾಗೆ ತಿರುಗಿಸುತ್ತದೆ, ಒಂದೇ ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಉಳಿದ ಊರುಗಳಲ್ಲಿ ಹೇಳುತ್ತಾರೆ. ಇಲ್ಲಿ ಮುತ್ತಿನ ವಿಷಯ ಮಾತ್ರ ಹಾಗೆ. ನಾನು ಬಂದ ಹೊಸತರಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದೆವು. ಅಣ್ಣ ತಮ್ಮಂದಿರಿಬ್ಬರು ಒಬ್ಬರ ಎಲೆಗೆ ಒಬ್ಬರು ಹೋಳಿಗೆ ಬಡಿಸುತ್ತಿದ್ದರು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಅದೇ ಅಣ್ಣನ ದನಿಯಲ್ಲಿ ಅದೇ ತಮ್ಮನಿಗೆ ಬೈಗುಳ ಬರತೊಡಗಿತು. ಯಾವುದೋ ಬದುವಿನ ಜಗಳವಂತೆ. ಬೈಗುಳ ಮುಗಿಯುವ ತನಕ ಇಬ್ಬರೂ ತಲೆ ತಗ್ಗಿಸಿ ಕೂತರು, ಆಮೇಲೆ ತಮ್ಮ, "ತುಪ್ಪ ಹಾಕೋ," ಅಂದ, ಊಟ ಮುಂದುವರಿಯಿತು. ಹೀಗೆ ಬದುಕುವುದು ಇವರಿಗೆ ರೂಢಿ.

ಮದುವೆಯಾದ ಮೊದಲ ವರ್ಷ ಹೆಣ್ಣುಮಕ್ಕಳು ದಿಬ್ಬಕ್ಕೆ ಹೋಗಿ ಬೆಟ್ಟಕ್ಕೊಂದು ಹಾಡು ಕೊಡುತ್ತಾರೆ. ಹನ್ನೊಂದು ವರ್ಷದ ಮೇಲೆ ಗಂಡ ಹೆಂಡತಿ ಜೊತೆಗೆ ಕೂತು ಅದನ್ನು ಕೇಳಬೇಕು. ಅಷ್ಟು ಹೊತ್ತಿಗೆ ಮೂರು ನಾಲ್ಕು ಮಕ್ಕಳಾಗಿ, ಗಂಟಲು ಒಡೆದು, ಜಗಳಗಳೂ ಆಗಿ, ತನ್ನದೇ ಎಳೆಯ ದನಿ ಕೇಳಿ ಹೆಂಗಸರು ನಗುತ್ತಾರೆ, ಗಂಡಸರು ಸುಮ್ಮನೆ ಅಳುತ್ತಾರೆ. ಚಂಪಾ ಕೊಟ್ಟದ್ದು ಏಳು ಸಾಲಿನ ಹಾಡು, ತಾನೇ ಕಟ್ಟಿದ್ದಂತೆ. "ಹೊಸಿಲ ದಾಟಿ ಬಂದೀನಿ, ಹೆಸರ ಹಿಡದು ಕರಿಯೋ" ಎಂದು ಅದರ ಮೊದಲ ಸಾಲು. ಒಂದೊಂದು ಸಾಲಿನ ನಂತರವೂ ಅವಳು ಅಷ್ಟೇ ಉದ್ದದ ಜಾಗ ಬಿಟ್ಟಿದ್ದಳು. ದಿಬ್ಬ ಇಳಿದು ಬರುವಾಗ ಗಂಡನಿಗೆ ಹೇಳಿದಳಂತೆ: "ನಡುವಿನ ಜಾಗಾ ನಿಮ್ಮದರಿ. ಅದನ್ನ ಗಿಟಾರದಾಗ ನೀವು ತುಂಬಬೇಕು. ಹನ್ನೊಂದ ವರ್ಷ ಟೈಮ್ ಐತಿ, ಚಂದಂಗೆ ಕಲೀರಿ." ಹತ್ತು ತಿಂಗಳಿಗೆ ಜ್ವರ ಹಿಡಿಯಿತು. ಮೂರು ತಿಂಗಳು ಮಲಗಿದ್ದು, ಮಲಗಿದಲ್ಲೇ ಹೋದಳು. ನಮ್ಮವರ ಪಾಲಿಗೆ ಉಳಿದದ್ದು ಆ ಏಳು ಜಾಗಗಳು.

ಸತ್ತವರೆಲ್ಲ ಒಳ್ಳೆಯವರೇ. ಬದುಕಿರುವವಳು ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ಬಾಗಿಲು ಜೋರಾಗಿ ಹಾಕುತ್ತಾಳೆ. ಅವರು ಒಂದು ದಿನವೂ ಚಂಪಾಳನ್ನು ನನ್ನೆದುರು ಹೊಗಳಲಿಲ್ಲ, ಅದೂ ನನಗೆ ಸಿಟ್ಟೇ. ಹೊಗಳಿದ್ದರೆ ಎದುರು ಮಾತಾಡಬಹುದಿತ್ತು. ಎರಡನೇ ಸಂಬಂಧದವಳು ಬೆಟ್ಟಕ್ಕೆ ಹಾಡು ಕೊಡುವ ಪದ್ಧತಿ ಇಲ್ಲಿಲ್ಲ. ಒಂದು ಮನೆಗೆ ಒಂದೇ ಹಾಡು. ನಾನು ಹಾಡುವವಳೂ ಅಲ್ಲ ಬಿಡಿ. ಆದರೂ ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಕೇಳಲಿಲ್ಲ.

ಅವರ ಗಿಟಾರು ಪೇಟೆಯದು. ಯಾವಾಗಲೋ ನಾಟಕ ಕಂಪನಿಯ ಜೊತೆ ಬಂದಿದ್ದ ಒಬ್ಬಾತ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಗುಂಡೊಂದನ್ನು ಜಾರಿಸಿ ನುಡಿಸಿದ್ದನಂತೆ. ಅದನ್ನು ಕೇಳಿದ ಮೇಲೆ ಇವರಿಗೆ ಬೇರೆ ವಾದ್ಯ ಹತ್ತಲಿಲ್ಲ. "ಮನಶ್ಯಾನ ಗಂಟಲದಾಗ ಮೆಟ್ಟಲಾ ಅದಾವೇನು? ಜಾರತೈತಿ. ಇದೂ ಜಾರತೈತಿ," ಎನ್ನುತ್ತಿದ್ದರು. ಪೇಟೆಯ ಗಿಟಾರಿನ ಕೊರಳಿಗೆ ಅಡ್ಡಲಾಗಿದ್ದ ಮೆಟ್ಟಿಲುಗಳನ್ನು ಕಿತ್ತು ಹಾಕಿ, ತಂತಿಗಳನ್ನು ಎತ್ತರಿಸಿ, ಕಂಚಿನ ಗುಂಡೊಂದನ್ನು ಎರಕ ಹೊಯ್ದು ದಿನವೂ ಸಂಜೆ ನುಡಿಸುತ್ತಿದ್ದರು. ನುಡಿಸುವ ಕೈ ಒಳ್ಳೆಯದು. ಕಿವಿ ಮಾತ್ರ ಹೋಗಿತ್ತು. ಮೂವತ್ತು ವರ್ಷ ಕಂಚು ಬಡಿದವರ ಕಿವಿ ಅದು. ದಪ್ಪ ದನಿ ಕೇಳುತ್ತಿತ್ತು, ಸಣ್ಣ ದನಿ ಬಂತು ಎಂಬುದಷ್ಟೇ ಗೊತ್ತಾಗುತ್ತಿತ್ತು. ಸ್ವರವನ್ನು ಅವರು ಹೆಚ್ಚಾಗಿ ಬೆರಳಿನಲ್ಲೇ ಕೇಳುತ್ತಿದ್ದರು.

ಆ ತಾರೀಖಿಗೆ ಒಂದೂಕಾಲು ವರ್ಷ ಉಳಿದಿದ್ದಾಗ ಗಿಟಾರು ಹೊತ್ತುಕೊಂಡು ದಿಬ್ಬಕ್ಕೆ ಹೋಗಿ ನುಡಿಸಿ ನೋಡಿದರು. ನಾನು ಹತ್ತು ಹೆಜ್ಜೆ ದೂರ ನಿಂತಿದ್ದೆ. ಗಾಳಿಯೇ ಕೇಳುತ್ತಿತ್ತು, ಗಿಟಾರು ಕೇಳಲಿಲ್ಲ. ದಿಬ್ಬ ಇಳಿದ ಮೇಲೆ ನಾನು ಸತ್ಯ ಹೇಳಿದೆ. ಮರುದಿನ ಬೂದಿ ಹರಡಿ ಅದರ ಮೇಲೆ ಬೆರಳಿನಲ್ಲಿ ಚಿತ್ರ ಬರೆಯುತ್ತಾ ಕೂತರು. ಹೊಟ್ಟೆಯಲ್ಲಿ ತಗಡಿನ ತಟ್ಟೆ ಇಟ್ಟ ಗಿಟಾರನ್ನು ಅವರು ಎಲ್ಲೋ ಪಟದಲ್ಲಿ ನೋಡಿದ್ದರು. ಅದರ ದನಿ ದೊಡ್ಡದು, ಆದರೆ ಬರೀ ತಗಡಾದರೆ ಕೂಗಾಡಿದ ಹಾಗಾಗುತ್ತದೆ. ಬರೀ ಮರವಾದರೆ ಇಂಪು, ಆದರೆ ದಿಬ್ಬದಲ್ಲಿ ನಿಲ್ಲುವುದಿಲ್ಲ. "ಎರಡನೂ ಕೂಡಿಸಿ ಒಂದ ಮಾಡೂಣು," ಅಂದರು. "ಮೈ ಮರದ್ದು, ಕುದುರಿ ಕೆಳಗ ಲೋಹದ ಬಟ್ಟಲ. ತಂತಿ ನಡುಗಿದ್ದು ಬಟ್ಟಲಕ್ಕ ಇಳೀಬೇಕು, ಬಟ್ಟಲದ್ದು ಮರಕ್ಕ ಇಳೀಬೇಕು." ಕುದುರೆ ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು. "ಕುದುರಿಗೂ ಕತ್ತಿಗೂ ಹುಟ್ಟಿದ್ದಕ್ಕ ಹೇಸರಗತ್ತಿ ಅಂತಾರ," ಅಂದೆ ನಾನು. ಅವರಿಗೆ ಕೇಳಿಸಲಿಲ್ಲ, ಆದರೆ ಹಿಟ್ಟಿನ ಗಿರಣಿಯ ಶಾಂತವೀರಪ್ಪನಿಗೆ ಕೇಳಿಸಿತು. ಅಂದಿನಿಂದ ಓಣಿಯಲ್ಲಿ ಆ ವಾದ್ಯಕ್ಕೆ ಹೇಸರಗತ್ತೆ ಎಂದೇ ಹೆಸರು.

ನಾನು ಮೊದಲ ಮೂರು ತಿಂಗಳು ಅದರ ಕಡೆ ತಿರುಗಿ ನೋಡಲಿಲ್ಲ. ಸವತಿಯ ಹಾಡಿಗೆ ಉತ್ತರ ಕೊಡುವ ಪೆಟ್ಟಿಗೆಗೆ ನಾನ್ಯಾಕೆ ಕೈ ಹಾಕಲಿ? ಆದರೆ ನಮ್ಮದು ತಂಬೂರಿ ಮಾಡುವ ಮನೆತನ. ನನ್ನಪ್ಪನ ಅಂಗಡಿಯಲ್ಲಿ ಹಲಗೆ ಕೆತ್ತುತ್ತಾ, ತಂಬೂರಿಗಳನ್ನು ಶ್ರುತಿಗೆ ತರುತ್ತಾ ನನಗೆ ಮೂವತ್ತೊಂದು ವರ್ಷ ವಯಸ್ಸಾಗಿತ್ತು, ಮದುವೆ ತಡವಾದದ್ದೂ ಅದಕ್ಕೇ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಲ್ಲಿ ಅವರು ಹಲಸಿನ ಹಲಗೆಯ ಎಳೆಗೆ ಅಡ್ಡಲಾಗಿ ಉಳಿ ಹೊಡೆಯುವ ಸದ್ದು ಬಂತು. ಹೊಟ್ಟೆಕಿಚ್ಚನ್ನಾದರೂ ತಡೆದುಕೊಂಡೇನು, ಅದನ್ನು ತಡೆದುಕೊಳ್ಳಲಾರೆ. ಕೈಹಿಟ್ಟು ಕೊಡವಿಕೊಂಡು ಹೋಗಿ ಉಳಿ ಕಿತ್ತುಕೊಂಡೆ.

"ಇದು ಕಂಚಲ್ಲರಿ. ಬಡದ್ರ ಬಗ್ಗೂದಿಲ್ಲ. ಇದಕ್ಕ ಅದರದ ದಾರಿ ಇರತೈತಿ."

"ಮತ್ತ ನೀನ ಮಾಡು," ಅಂದರು, ಮೊದಲಿಂದ ಇದಕ್ಕೇ ಕಾದಿದ್ದವರ ಹಾಗೆ.

ಮರದ ಕೆಲಸವೆಲ್ಲ ಹೀಗೆ ನನ್ನ ಪಾಲಿಗೆ ಬಂತು. ತೊಡೆಯ ಮೇಲೆ ಮಲಗುವ ವಾದ್ಯಕ್ಕೆ ಹಿಡಿಯಲು ಸಣ್ಣ ಕುತ್ತಿಗೆ ಬೇಕಿಲ್ಲ, ಅದನ್ನು ಅಗಲ ಮಾಡಿ ಕೊನೆಯ ತನಕ ಟೊಳ್ಳು ಬಿಟ್ಟರೆ ಗಾಳಿ ಓಡಾಡುತ್ತದೆ ಎಂದು ನಾನು ಹೇಳಿದೆ, ಹಾಗೇ ಕೊರೆದೆ. ನುಡಿಸುವ ಆರು ತಂತಿಗಳ ಕೆಳಗೆ ಹದಿಮೂರು ಸಣ್ಣ ತಂತಿಗಳು ಇರಲಿ ಎಂದೂ ನಾನೇ ಹೇಳಿದೆ. ಕೆಳತಂತಿಗಳನ್ನು ಯಾರೂ ಮುಟ್ಟುವುದಿಲ್ಲ. ತಮ್ಮ ಸ್ವರ ಎಲ್ಲಾದರೂ ಹತ್ತಿರದಲ್ಲಿ ನುಡಿದರೆ ಅವು ತಾವಾಗಿ ನಡುಗಿ ಜೊತೆ ಕೊಡುತ್ತವೆ. ಇಷ್ಟೆಲ್ಲ ಯಾಕೆ ಹೇಳಿದೆನೋ. ಕೆಲಸ ಅರ್ಧಂಬರ್ಧ ಮಾಡುವುದು ನಮ್ಮಪ್ಪ ಕಲಿಸಲಿಲ್ಲ, ಅಷ್ಟೇ.

ಬಟ್ಟಲು ಅವರದು. ಅಲ್ಲಿಯೇ ಕೆಲಸ ಸಿಕ್ಕಿಕೊಂಡಿತು. ಕಂಚಗಾರ ಕಂಚು ಬಿಟ್ಟು ಬೇರೆ ಯೋಚಿಸುತ್ತಾನೆಯೇ? ಮೊದಲನೆಯದು ಅಂಗೈಯಗಲದ, ಎರಡು ಕೈಯಲ್ಲಿ ಎತ್ತುವಷ್ಟು ಭಾರದ ಬಟ್ಟಲು. ಮೂಗಿಗಿಂತ ಮೂಗುತಿ ಭಾರ. ತಂತಿ ಮೀಟಿದರೆ ಮೊದಲ ಸ್ವರ ಮುಗಿಯುವುದೇ ಇಲ್ಲ, ನಾಲ್ಕನೆಯದು ನುಡಿಸುವಾಗಲೂ ಮೊದಲನೆಯದು ಗುಂಯ್‌ಗುಡುತ್ತಿತ್ತು. ಎರಡನೆಯದನ್ನು ತೆಳ್ಳಗೆ ಮಾಡಿದರು, ಮೂರನೆಯದನ್ನು ಇನ್ನೂ ತೆಳ್ಳಗೆ. ತೆಳುವಾದ ಕಂಚು ಒಡೆಯುತ್ತದೆ, ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಐದು ಒಡೆದರು. ದಿನ ಹೋಗುತ್ತಿತ್ತು. ರಾಶಿ ಬಿದ್ದ ಚೂರುಗಳ ಮುಂದೆ ಕೂತು ಗೋಡೆಯ ತಾರೀಖನ್ನು ನೋಡುತ್ತಿದ್ದ ಅವರ ಮುಖ ನೋಡಿದರೆ ನನಗೇ ಸಂಕಟವಾಗುತ್ತಿತ್ತು.

ಏನು ಬೇಕೆಂದು ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಈ ಓಣಿಯಲ್ಲಿ ಅಲ್ಯೂಮಿನಿಯಂ ಎನ್ನುವುದಿಲ್ಲ, ಜರ್ಮನ್ ಎನ್ನುತ್ತಾರೆ, ಅದನ್ನೂ ಬೈಗುಳದ ಹಾಗೆ ಎನ್ನುತ್ತಾರೆ. ಅಗ್ಗದ, ಹಗುರದ ಜರ್ಮನ್ ಪಾತ್ರೆಗಳು ಬಂದ ಮೇಲೆಯೇ ಇಲ್ಲಿ ಹದಿನೆಂಟು ಕುಲುಮೆಗಳಲ್ಲಿ ಹದಿನೈದು ಆರಿದ್ದು. ಕಂಚಗಾರರ ಮನೆಯಲ್ಲಿ ಆ ಪಾತ್ರೆ ಇದ್ದರೆ ಓಣಿಯವರು ಅಲ್ಲಿ ನೀರೂ ಕುಡಿಯುವುದಿಲ್ಲ. ತವರಿನಿಂದ ಬರುವಾಗ ನಾನು ಹಾಲು ಕಾಯಿಸುವ ಒಂದು ಜರ್ಮನ್ ಬೋಗುಣಿ ತಂದಿದ್ದೆ. ಏಳು ವರ್ಷ ಅದನ್ನು ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅದನ್ನು ತೆಗೆದು ಅವರ ಮುಂದೆ ಇಟ್ಟು ಬೆರಳಿನಲ್ಲಿ ತಟ್ಟಿದೆ.

"ಕೇಳ್ರಿ. ಹಗರ ಐತಿ. ಬೇಗ ಮಾತಾಡತೈತಿ, ಬೇಗ ಸುಮ್ಮನಾಗತೈತಿ."

"ಇದು ನನ್ನ ಮನ್ಯಾಗ ಎಷ್ಟ ವರ್ಷದಿಂದ ಐತಿ?"

"ನಾ ಬಂದಾಗಿಂದ."

ಅವರು ಎದ್ದು ಹೊರಗೆ ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಕಂಚು ಹೊಯ್ದವರ ವಂಶದಲ್ಲಿ ಹುಟ್ಟಿ ಸತ್ತ ಹೆಂಡತಿಗೆ ಜರ್ಮನ್ ಕಟ್ಟಿ ಕೊಡುವುದೇ ಎಂದು ಅವರಿಗೆ. ನನಗೋ, ಬಚ್ಚಿಟ್ಟದ್ದು ಸಿಕ್ಕಿಬಿದ್ದ ನಾಚಿಕೆ. ಮೂರನೆಯ ಬೆಳಿಗ್ಗೆ ಹಿತ್ತಲಲ್ಲಿ ಮೆತ್ತನೆಯ ಲೋಹದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳಿತು. ಹೋಗಿ ನೋಡಿದರೆ ಬೋಗುಣಿಯ ತಳ ಕತ್ತರಿಸಿ, ಮರದ ಅಚ್ಚಿನ ಮೇಲೆ ಹಾಕಿ, ಹಪ್ಪಳದಷ್ಟು ತೆಳುವಾಗುವ ತನಕ ಬಡಿಯುತ್ತಿದ್ದರು.

ಅದು ಮೊದಲ ಸಲಕ್ಕೇ ಆಯಿತು ಎಂದುಕೊಳ್ಳಬೇಡಿ. ತಂತಿ ಬಿಗಿದ ಕೂಡಲೇ ಬಟ್ಟಲಿನ ನೆತ್ತಿ ಕುಸಿಯಿತು. ನನ್ನ ಬೋಗುಣಿ ಮುಗಿದಿತ್ತು. ಆಗ ಅವರು ಮಾಡಿದ್ದನ್ನು ಓಣಿ ಇಂದಿಗೂ ಹೇಳಿಕೊಳ್ಳುತ್ತದೆ: ಕಂಚಗಾರ ಕಾಳಪ್ಪ ಹಾಡುಹಗಲಲ್ಲಿ ಶಾಂತವೀರಪ್ಪನ ಬಾಗಿಲಿಗೆ ಹೋಗಿ, ನಿಂತು, "ಒಂದ ಜರ್ಮನ್ ಬೋಗುಣಿ ಇದ್ರ ಕೊಡಪಾ," ಅಂದರು. ಶಾಂತವೀರಪ್ಪ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಒಳಗೆ ಹೋಗಿ ಎರಡು ತಂದುಕೊಟ್ಟ. ಈ ಸಲದ ಬಟ್ಟಲಿಗೆ ಅವರು ತಂಬಿಗೆಯ ಕೊರಳಿಗೆ ಹಾಕುವ ಹಾಗೆ ಸುತ್ತಲೂ ಬಳೆಬಳೆಯಾಗಿ ಗೆರೆ ಎಬ್ಬಿಸಿದರು. ಆ ಗೆರೆಗಳ ಬಲಕ್ಕೆ ಅದು ನಿಂತಿತು. ನಾನು ಕೆತ್ತಿದ ಹೊಟ್ಟೆಯೊಳಗೆ ಹಲಸಿನದೇ ಬಳೆಯಾಕಾರದ ಒಂದು ಮಣೆ ಮಾಡಿ ಅದರ ಮೇಲೆ ಬಟ್ಟಲನ್ನು ಕೂರಿಸಿದೆವು.

ಮೊದಲ ಸ್ವರ ಅವರು ಮೀಟಿದಾಗ ಒಲೆಯ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಲೋಹದಿಂದ ಹೊರಟು ಮರದಲ್ಲಿ ಮೆತ್ತಗಾಗಿ ಬಂದ ದನಿ. ಅಂಗಳ ದಾಟಿ, ಗಿರಣಿಯ ಸದ್ದು ದಾಟಿ ಹೋಯಿತು. ನನಗೆ ಅಳು ಬಂತು, ಸಂತೋಷಕ್ಕೆ ಅಲ್ಲ. ಇಷ್ಟು ಚಂದದ್ದನ್ನು ನನ್ನ ಕೈಯಿಂದ ಮಾಡಿಸಿಕೊಂಡು ಇವರು ಹೋಗುತ್ತಿರುವುದು ಅವಳ ಕಡೆಗೆ. ಆ ಹಾಡು ಬಂದು ಮುಗಿದ ಮೇಲೆ ಇವರು ನನ್ನ ಮನೆಗೆ ತಿರುಗಿ ಬರುತ್ತಾರೋ, ಇಲ್ಲ ಅರ್ಧ ಅಲ್ಲೇ ದಿಬ್ಬದಲ್ಲಿ ಉಳಿಯುತ್ತಾರೋ? ಎಂಟು ವರ್ಷ ನಾನು ಕಾದದ್ದೂ ಅದೇ ತಾರೀಖಿಗೆ, ಬೇರೆ ಕಾರಣಕ್ಕೆ.

ಇನ್ನು ಉಳಿದದ್ದು ಶ್ರುತಿ. ಹದಿಮೂರು ಕೆಳತಂತಿಗಳು ಚಂಪಾಳ ಶ್ರುತಿಗೆ ಸರಿಯಾಗಿ ಇರಬೇಕು, ಇಲ್ಲದಿದ್ದರೆ ಅವಳ ದನಿಗೆ ಅವು ಏಳುವುದಿಲ್ಲ. ಆ ದನಿ ನಾನು ಕೇಳಿದವಳಲ್ಲ.

"ಹೆಂಗ ಹಾಡ್ತಿದ್ಳು, ಹಾಡಿ ತೋರಸ್ರಿ," ಅಂದೆ.

ಅವರು ಕಣ್ಣು ಮುಚ್ಚಿ ಗುನುಗಿದರು. ಭಜನೆ ಮನೆಯ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹಿಡಿದು ನೋಡಿದೆ, ಬಿಳಿ ಐದು. ಇನ್ನೊಂದು ದಿನ ಕೇಳಿದೆ, ಮತ್ತೆ ಬಿಳಿ ಐದೇ. ಹತ್ತು ಸಲ ಕೇಳಿದರೂ ಕೂದಲೆಳೆ ಆಚೀಚೆ ಆಗಲಿಲ್ಲ. ಇಷ್ಟು ಖಚಿತವಾಗಿ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಎಲ್ಲ ತಂತಿಗಳನ್ನೂ ಅದಕ್ಕೇ ತಂದೆ.

ಗೋಡೆಯ ಮೇಲಿದ್ದ ಆ ತಾರೀಖಿನ ಬೆಳಿಗ್ಗೆ ಶಾಂತವೀರಪ್ಪ ಗಿರಣಿ ನಿಲ್ಲಿಸಿದ. ಒಬ್ಬರ ಹಾಡು ಬರುವ ಹೊತ್ತಿಗೆ ಊರು ಸುಮ್ಮನಿರುವುದು ಇಲ್ಲಿನ ನಡವಳಿಕೆ. ಎಮ್ಮೆಗಳ ಕೊರಳ ಗಂಟೆಗೂ ಹುಲ್ಲು ತುರುಕುತ್ತಾರೆ. ಒಂಬತ್ತು ಗಂಟೆಗೆ ದಿಬ್ಬದ ಮೇಲೆ ಚಾಪೆ ಹಾಸಿ ಕೂತೆವು. ಅವರು ಹೊಸ ಅಂಗಿ ಹಾಕಿದ್ದರು. ಗಿಟಾರು ಅವರ ತೊಡೆಯ ಮೇಲೆ. ಕೆಳತಂತಿಗಳನ್ನು ಬಿಗಿಯುವ ಬಿರಡೆಗಳಿದ್ದ ಕಡೆ ನಾನು. ಹಿಂದೆ, ಸ್ವಲ್ಪ ದೂರದಲ್ಲಿ, ಓಣಿಯವರು ಹತ್ತು ಹದಿನೈದು ಜನ.

ಹಾಡು ಬಂತು.

ನಾನು ಯಾವ ದನಿಯನ್ನು ಊಹಿಸಿಕೊಂಡು ಎಂಟು ವರ್ಷ ಜಗಳವಾಡಿದ್ದೆನೋ ಅದು ಇದಲ್ಲ. ಅದು ಇಪ್ಪತ್ತು ವರ್ಷದ ಹುಡುಗಿಯ ದನಿ, ಒಂದೆರಡು ಕಡೆ ನಗು ತಡೆದುಕೊಂಡು ಹಾಡುತ್ತಿದ್ದಳು. ಮೊದಲ ಸಾಲು ಮುಗಿಯುವ ಮುಂಚೆಯೇ ನನಗೆ ತಿಳಿಯಿತು. ಬಿಳಿ ಐದಲ್ಲ, ಅದರ ಮೇಲಿನ ಕಪ್ಪು. ಅರ್ಧ ಸ್ವರ ಮೇಲೆ. ನನ್ನ ಹದಿಮೂರು ತಂತಿಗಳಲ್ಲಿ ಒಂದೂ ಮಿಸುಕಲಿಲ್ಲ. ಆಗಲೇ ಕಾರಣವೂ ಹೊಳೆಯಿತು. ಇವರು ಇಷ್ಟು ವರ್ಷ ಕೂದಲೆಳೆ ತಪ್ಪದೆ ನೆನಪಿಟ್ಟುಕೊಂಡದ್ದು ಮೂರು ತಿಂಗಳು ಹಾಸಿಗೆಯ ಪಕ್ಕ ಕೂತು ಕೇಳಿದ ದನಿ. ಜ್ವರದಲ್ಲಿ ಇಳಿದುಹೋದ ದನಿ. ಬೆಟ್ಟ ಇಟ್ಟುಕೊಂಡಿದ್ದದ್ದು ಅದಕ್ಕೂ ಹಿಂದಿನ, ಗಟ್ಟಿಯಾಗಿದ್ದ ಹುಡುಗಿಯನ್ನು.

ಮೊದಲ ಜಾಗ ಬಂತು. ಅವರು ಕಣ್ಣು ಮುಚ್ಚಿ ನುಡಿಸಿದರು, ತಪ್ಪು ಶ್ರುತಿಯಲ್ಲಿ, ಮನಸ್ಸು ತುಂಬಿ. ಹಿಂದೆ ಕೂತವರಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿತು. ನಮ್ಮವರಿಗೆ ಏನೂ ಗೊತ್ತಾಗಲಿಲ್ಲ. ಮುಖದಲ್ಲಿ ಸಣ್ಣ ನಗುವಿತ್ತು. ಎರಡನೆಯ ಸಾಲು, ಎರಡನೆಯ ಜಾಗ, ಹಾಗೇ.

ನಾನು ಸುಮ್ಮನಿದ್ದೆ. ಬೇಕೆಂದೇ ಸುಮ್ಮನಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹೇಗೂ ಅವರಿಗೆ ಕೇಳುವುದಿಲ್ಲ, ಹೀಗೇ ಮುಗಿದು ಹೋಗಲಿ, ಇಬ್ಬರೂ ಕೂಡದೇ ಹೋಗಲಿ ಎಂದು ನನ್ನೊಳಗೆ ಒಬ್ಬಳು ಹೇಳುತ್ತಿದ್ದಳು. ಮೂರನೆಯ ಸಾಲಿನಲ್ಲಿ ಆ ಹುಡುಗಿ ಒಂದು ಕಡೆ ದನಿಯನ್ನು ಮೆಲ್ಲಗೆ ಜಾರಿಸಿ ಕೆಳಗಿಳಿಸಿದಳು. ಇವರ ಗುಂಡು ತಂತಿಯ ಮೇಲೆ ಜಾರುವ ಹಾಗೆಯೇ. ಇವರಿಗಾಗಿ ಹಾಗೆ ಹಾಡಿದ್ದಳು. ಹನ್ನೊಂದು ವರ್ಷ ಮುಂದಕ್ಕೆ ಕೈಚಾಚಿ ಕೂತಿದ್ದಳು ಪಾಪ, ಅವಳಿಗೇನು ಗೊತ್ತಿತ್ತು. ನನಗಿಂತ ಎಷ್ಟೋ ಚಿಕ್ಕವಳು.

ಮೂರನೆಯ ಜಾಗದಲ್ಲಿ ನಾನು ಗುಂಡು ಹಿಡಿದಿದ್ದ ಅವರ ಎಡಗೈಯ ಮೇಲೆ ನನ್ನ ಕೈ ಇಟ್ಟೆ. ಇಟ್ಟು, ಬೆರಳಗಲದಷ್ಟು ಮೇಲಕ್ಕೆ ಸರಿಸಿದೆ. "ಇನ್ನೊಂಚೂರ ಮ್ಯಾಲ," ಅಂದೆ, ಅವರಿಗೆ ಕೇಳಲೆಂದು ಗಟ್ಟಿಯಾಗಿಯೇ. ದಿಬ್ಬದ ಮೇಲೆ ಬಾಯಿ ಬಿಟ್ಟದ್ದು ಅದೇ ಮೊದಲು. ಅದು ಈಗ ಬೆಟ್ಟದೊಳಗಿದೆ, ಎರಡನೆಯವಳು ಕೊಟ್ಟ ಹಾಡು ಎಂದು ಶಾಂತವೀರಪ್ಪ ಈಗಲೂ ಚೇಷ್ಟೆ ಮಾಡುತ್ತಾನೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಏನು, ಎತ್ತ ಎಂದು ಕೇಳಲಿಲ್ಲ. ನನ್ನ ಕೈ ಎಲ್ಲಿ ನಿಂತಿತೋ ಅಲ್ಲಿಂದ ನುಡಿಸಿದರು. ಗುಂಡಿಗೆ ಮೆಟ್ಟಿಲಿಲ್ಲವಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತದೆ.

ನಾಲ್ಕನೆಯ ಸಾಲು ಅವಳು ಹಾಡುತ್ತಿರುವಾಗ ನಾನು ಕೆಳತಂತಿಯ ಬಿರಡೆಗೆ ಕೈ ಹಾಕಿದೆ. ಮೀಟಿ ನೋಡುವ ಹಾಗಿರಲಿಲ್ಲ, ಅವಳ ಹಾಡಿಗೆ ಅಡ್ಡಿಯಾಗುತ್ತದೆ. ಬೆರಳನ್ನು ತಂತಿಯ ಮಗ್ಗುಲಿಗೆ ಹಿಡಿದು ಬಿರಡೆಯನ್ನು ಮೆಲ್ಲಗೆ ಬಿಗಿಯುತ್ತಾ ಹೋದೆ. ಒಂದು ಕಡೆ ತಂತಿ ತಾನಾಗಿ ನಡುಗಿತು. ಅವಳ ಷಡ್ಜ ಸಿಕ್ಕಿತು. ಹಾಗೆಯೇ ಅವಳ ದನಿಯನ್ನೇ ಹಿಡಿದುಕೊಂಡು ಒಂದೊಂದೇ ತಂತಿಯನ್ನು ಮೇಲೆ ತಂದೆ. ಹದಿಮೂರೂ ಆಗಲಿಲ್ಲ, ಐದಾದವು. ಐದು ಸಾಕಾಯಿತು. ಏಳನೆಯ ಸಾಲಿಗೆ ಅವಳು ಬಂದಾಗ ಯಾರೂ ಮುಟ್ಟದೆ ಇಡೀ ಗಿಟಾರು ಒಳಗಿನಿಂದ ಹಾಡತೊಡಗಿತು. ಅದು ಅವರಿಗೆ ಕೇಳಬೇಕಾಗಿರಲಿಲ್ಲ, ತೊಡೆಗೆ ತಿಳಿಯುತ್ತಿತ್ತು. ಅವರು ಎರಡೂ ಅಂಗೈಗಳನ್ನು ಹಲಸಿನ ಹಲಗೆಯ ಮೇಲೆ ಊರಿ, ಅವಳು ಮುಗಿಸುವ ತನಕ ಹಾಗೇ ಕೂತರು. ಕಣ್ಣಿಂದ ನೀರು ಇಳಿದು ಅಂಗಿ ತೊಯ್ಯಿತು. ಕೊನೆಯ ಜಾಗವನ್ನು ಮಾತ್ರ ಚಿಕ್ಕದಾಗಿ ನುಡಿಸಿದರು, ಮೂರೇ ಸ್ವರ.

ಎಲ್ಲರೂ ಏಳಲು ಹೊರಟಾಗ ಬೆಟ್ಟದಿಂದ ಇನ್ನೊಂದು ಮಾತು ಬಂತು. ಹಾಡು ಮುಗಿದ ಮೇಲೆ ದಿಬ್ಬ ಇಳಿಯುವ ತನಕ ಬಾಯಿ ಬಿಡಬಾರದು ಎಂದು ಇಲ್ಲಿನ ಮದುವಣಗಿತ್ತಿಯರಿಗೆಲ್ಲ ಹೇಳಿ ಕಳಿಸುತ್ತಾರೆ. ಚಂಪಾ ಮರೆತಿದ್ದಳು. ಪಕ್ಕದಲ್ಲಿದ್ದವರಿಗೆ ಹೇಳುವ ಸಣ್ಣ ದನಿ, ಸಾಮಾನ್ಯದ ಮಾತು. ಹಿಂದಿದ್ದವರಿಗೆಲ್ಲ ಕೇಳಿತು. ನಮ್ಮವರಿಗೆ ದನಿ ಬಂದದ್ದಷ್ಟೇ ಗೊತ್ತಾಯಿತು.

"ಏನಂದ್ಲು?" ಎಂದು ನನ್ನ ಕಡೆ ತಿರುಗಿದರು.

ನಾನು ಬಿರಡೆಗಳಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡೆ.

"ರುದ್ರಾ, ಏನಂದ್ಲು ಹೇಳು."

"ಹಸಿವಾಗೇತ್ರಿ, ಮನಿಗೆ ಹೋಗೂಣು ನಡೀರಿ," ಎಂದು ಅವಳು ಅಂದದ್ದನ್ನೇ ಅಂದೆ.

ಅವರು ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡಿದರು. ಆಮೇಲೆ ಗಿಟಾರಿನ ತಂತಿಗಳನ್ನು ಧೋತರದ ತುದಿಯಿಂದ ಒರೆಸಿ, ಅದನ್ನು ಹೆಗಲಿಗೆ ಏರಿಸಿ ಎದ್ದು ನಿಂತರು. ಚಾಪೆಯ ಮೇಲಿಂದ ನನ್ನನ್ನು ಎಬ್ಬಿಸಲು ಕೈ ಚಾಚಿ, "ಹೂಂ, ನಡಿ. ಭಾಳ ಹೊತ್ತ ಕೂಡಿಸಿದೆ ನಿನ್ನ," ಅಂದರು.

ಯಾರಿಗಂದರು ಎಂದು ನಾನು ಕೇಳಲಿಲ್ಲ. ನನಗೂ ಹಸಿವಾಗಿತ್ತು.